ಬಂಗುಡೆಯ ಮೇಲಿನ ಅಪವಾದ

ಆಂಡೊಂಗ್ ಊರಿನ ಗೂಮ್ ಮನೆತನದವರಿಗೆ ಒಂದು ವಿದ್ಯೆ ಮಾತ್ರ ಚೆನ್ನಾಗಿ ಒಲಿದಿತ್ತು: ಕಣ್ಣೆದುರಿಗೆ ಇರುವುದನ್ನು ಕಾಣದಿರುವುದು. ಹಿರಿಸೊಸೆ ಓಕ್‌ಜು ಆ ಮನೆಗೆ ಬಂದು ಹತ್ತೊಂಬತ್ತು ವರ್ಷ. ವರ್ಷಕ್ಕೆ ಹನ್ನೊಂದು ಸಲ ಹಿರಿಯರಿಗೆ ಎಡೆ. ಪ್ರತಿ ಎಡೆಗೆ ಮೂರು ದಿನ ಮುಂಚೆ ಅವಳ ಮೈತುಂಬ ಕೆಂಪಗೆ, ತುರಿಸುವ ಗಂಧೆ ಏಳುತ್ತಿತ್ತು. ಎಡೆ ಮುಗಿದು, ಬಂದವರು ಹೊಟ್ಟೆ ಸವರಿಕೊಂಡು ಹೊರಟ ಮರುದಿನ ತಾನಾಗಿ ಇಳಿಯುತ್ತಿತ್ತು. ಇನ್ನೂರು ಸಲ ಹೀಗಾದರೂ ಒಬ್ಬರಿಗೂ ಹೊಳೆಯಲಿಲ್ಲ.

ಅವರಿಗೆ ಹೊಳೆದದ್ದು ಬಂಗುಡೆ ಮೀನು.

"ಬಂಗುಡೆ ತಿಂತೀಯಲ್ಲ, ಅದಕ್ಕೇ. ನಿನ್ನ ಮೈಗೆ ಆಗಲ್ಲ ಅದು," ಎಂದರು ಅತ್ತೆ.

ಉಪ್ಪು ಬಂಗುಡೆಗೇ ಹೆಸರಾದ ಊರಿನಲ್ಲಿ ಅದರ ತಲೆ ಚೀಪುತ್ತ ಬೆಳೆದವಳು ಬಂಗುಡೆ ಬಿಟ್ಟಳು. ಗಂಧೆ ಬಿಡಲಿಲ್ಲ. ಆಮೇಲೆ ಹಂದಿಮಾಂಸ ಬಿಡಿಸಿದರು, ಸೋಪು ಬದಲಾಯಿಸಿದರು, ಹಾಸಿಗೆ ಬಿಸಿಲಿಗೆ ಹಾಕಿಸಿದರು. ಒಲೆಯ ಮುಂದಿನಿಂದ ಮಾತ್ರ ಎಬ್ಬಿಸಲಿಲ್ಲ.

ಎಂಟನೆಯ ವರ್ಷ ಅವಳೇ ಚರ್ಮದ ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, "ನಿಮಗೆ ಒಗ್ಗದೇ ಇರೋ ಊಟ ಯಾವುದೂ ಇಲ್ಲ. ಯಾವಾಗ ಏಳುತ್ತೆ ಇದು?" ಎಂದು ಕೇಳಿದರು.

"ಎಡೆ ಹತ್ತಿರ ಬಂದಾಗ."

"ಎಷ್ಟು ಜನಕ್ಕೆ ಅಡುಗೆ?"

"ನಲವತ್ತು. ನಾನೊಬ್ಬಳೇ."

"ಇನ್ನೇನಮ್ಮ ಮತ್ತೆ. ಮನಸ್ಸಿನ ಒತ್ತಡ ಹೀಗೇ ಚರ್ಮದ ಮೇಲೆ ಬರೋದು. ವಿಶ್ರಾಂತಿ ಬೇಕು ಅಂತ ಬರೆದುಕೊಡ್ತೀನಿ, ಮನೇಲಿ ತೋರಿಸಿ."

ತೋರಿಸಿದಳು. ಗಂಡ ದಕ್‌ಸು, ಮನೆತನದ ಹಿರಿಯ ಕುಡಿ, ಚಾಪೆಯ ಮೇಲೆ ಒರಗಿಕೊಂಡೇ ಓದಿದ.

"ಒತ್ತಡ ಯಾರಿಗಿಲ್ಲ? ಡಾಕ್ಟರಿಗೇನು, ಬರೀತಾರೆ. ನೀನು ಬಂಗುಡೆ ಬಿಡು ಸಾಕು."

"ಬಿಟ್ಟು ಏಳು ವರ್ಷ ಆಯ್ತು ರೀ."

"ಹಾಗಾದ್ರೆ ಇನ್ನೂ ಸ್ವಲ್ಪ ದಿನ ಬಿಟ್ಟು ನೋಡು."

ಇಂಥ ಮಹಾನುಭಾವ. ಹಿರಿಯರ ಮುಂದೆ ಎರಡು ಸಲ ಮಂಡಿಯೂರಿ ಏಳುವುದು ಬಿಟ್ಟರೆ ಎಡೆಯಲ್ಲಿ ಅವನ ದುಡಿಮೆ ಏನೂ ಇರಲಿಲ್ಲ. ಅಷ್ಟಕ್ಕೇ ಸಂಜೆಯವರೆಗೆ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದ. ಓಕ್‌ಜುಗೆ ಬೇಕಿದ್ದದ್ದು ಒಂದೇ: 'ಇದು ನಿನ್ನ ಕೈಲಾಗದು, ಸಾಕು ಏಳು' ಎಂದು ಈ ಮನೆಯಲ್ಲಿ ಯಾರಾದರೂ ಒಬ್ಬರು ಹೇಳಬೇಕು.

ಮೈಯಲ್ಲಿ ಹುಣ್ಣು ಗಂಧೆ ಇದ್ದವರು ಎಡೆಯ ಅಡುಗೆ ಮುಟ್ಟಿದರೆ ಮೈಲಿಗೆ. ಅದಕ್ಕೆ ಅತ್ತೆ ಕಂಡುಕೊಂಡ ದಾರಿ, ಮೊಣಕೈವರೆಗಿನ ರಬ್ಬರ್ ಕೈಗವಸು. ಹಿರಿಯರಿಗೆ ಗೊತ್ತಾಗುವುದಿಲ್ಲವಂತೆ. ಸತ್ತವರ ಕಣ್ಣಿಗೂ ಮಣ್ಣೆರಚುವ ಮಂದಿ.

ಹೋದ ಸುಗ್ಗಿ ಹುಣ್ಣಿಮೆ ಹಬ್ಬದ ಎಡೆಯ ಹಿಂದಿನ ದಿನ ಗಂಧೆ ಮುಖಕ್ಕೇ ಹತ್ತಿತು. ತುಟಿ ಊದಿತು, ಕಣ್ಣು ಮುಚ್ಚಿಹೋಯಿತು. ಮುಖಕ್ಕೆ ಗವಸು ಎಲ್ಲಿಂದ ತರುವುದು?

"ಬಂದವರು ನೋಡಿದ್ರೆ ಮಾನ ಹೋಗುತ್ತೆ. ಒಳಗೆ ಮಲಕ್ಕೊ," ಎಂದರು ಅತ್ತೆ. ಅವರಿಗೆ ಮಣಿಕಟ್ಟು ನೋವು. ಓರಗಿತ್ತಿ ಬರುವುದೇ ಊಟದ ಹೊತ್ತಿಗೆ. ಬೇರೆ ಗತಿಯಿಲ್ಲದೆ ದಕ್‌ಸು ಹುಟ್ಟಿದ ಮೇಲೆ ಮೊದಲ ಸಲ ಕಾವಲಿಯ ಮುಂದೆ ಕುಳಿತ. ಮೀನಿನ ತುಂಡನ್ನು ಹಿಟ್ಟಿನಲ್ಲಿ ಹೊರಳಿಸು, ಮೊಟ್ಟೆಯಲ್ಲಿ ಅದ್ದು, ಎಣ್ಣೆಗೆ ಬಿಡು, ಮಗುಚು.

"ಅಂಚು ಕರಟಿತು ನೋಡೋ. ಇದನ್ನ ಹಿರಿಯರ ಮುಂದೆ ಇಡ್ತೀಯಾ?" ಎಂದು ಅತ್ತೆ ಬೆನ್ನ ಹಿಂದೆ ನಿಂತೇ ಇದ್ದರು. ನಾಲ್ಕು ಗಂಟೆಯಲ್ಲಿ ದಕ್‌ಸುವಿನ ಕುತ್ತಿಗೆಯಿಂದ ಹೊಟ್ಟೆಯವರೆಗೆ ಗಂಧೆ ಎದ್ದಿತ್ತು.

ಆಗ ನೋಡಬೇಕಿತ್ತು ಆ ಮನೆಯ ಗಡಿಬಿಡಿ. ಹಬ್ಬಕ್ಕೆ ಬಂದಿದ್ದ ದಕ್‌ಸುವಿನ ಚಿಕ್ಕಪ್ಪ ತಾವೇ ಕಾರು ತೆಗೆದರು. ಹಬ್ಬದ ರಜೆಯಲ್ಲಿ ಅದೇ ಡಾಕ್ಟರಮ್ಮನ ಬಾಗಿಲು ತೆಗೆಸಿದರು. ಅವರು ಅದೇ ಮಾತು ಹೇಳಿದರು, ಅದೇ ಚೀಟಿ ಬರೆದರು. ಚಿಕ್ಕಪ್ಪ ಅದನ್ನು ನಡುಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಕಣ್ಣು ಒರೆಸಿಕೊಂಡರು.

"ಪಾಪ, ಎಷ್ಟು ಒತ್ತಡ ಹಾಕಿಬಿಟ್ಟಿದ್ದೀವಿ ನಮ್ಮ ಹುಡುಗನಿಗೆ. ಹೇಳಿಕೊಳ್ಳೋ ಸ್ವಭಾವದವನೂ ಅಲ್ಲ. ಮುಂದಿನ ವರ್ಷದಿಂದ ಎರಡೇ ಎಡೆ. ಅಡುಗೆ ಅಂಗಡಿಯಿಂದ ತರಿಸೋಣ."

ಎಲ್ಲರೂ ಹೌದು ಹೌದು ಎಂದರು. ಬಾಗಿಲ ಸಂದಿನಿಂದ ಓಕ್‌ಜು ಎಲ್ಲ ಕೇಳಿದಳು. ಒಲೆಯಿಂದ ಬಿಡುಗಡೆ ಸಿಕ್ಕಿತ್ತು. ಆದರೆ ಅವಳ ಹೆಸರನ್ನು ಯಾರೂ ಎತ್ತಿರಲಿಲ್ಲ. ಹತ್ತೊಂಬತ್ತು ವರ್ಷಕ್ಕೆ ಆಗದ್ದು ಅವನ ನಾಲ್ಕು ಗಂಟೆಗೆ ಆಗಿತ್ತು.

ವಾರದ ಮೇಲೆ, ಅವಳ ಮುಖದ ಊತ ಇಳಿದಾಗ, ರಾತ್ರಿ ಊಟಕ್ಕೆ ದೊಡ್ಡ ಬಂಗುಡೆ ಸುಟ್ಟಿಟ್ಟಳು. ದಕ್‌ಸು ಊಟದ ಕಡ್ಡಿ ಚಾಚಿದ. ಓಕ್‌ಜು ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

"ನಿಮಗೆ ಬೇಡ ರೀ. ಮೈಗೆ ಆಗಲ್ಲ."

"ಏನೇ ಇದು? ಡಾಕ್ಟ್ರು ಒತ್ತಡ ಅಂದ್ರಲ್ಲ."

"ಡಾಕ್ಟರಿಗೇನು, ಬರೀತಾರೆ. ನೀವು ಬಂಗುಡೆ ಬಿಡಿ ಸಾಕು."

ಅತ್ತೆ ತಲೆ ತಗ್ಗಿಸಿ ಅನ್ನ ಕೆದಕುತ್ತ ಕುಳಿತರು. ಓಕ್‌ಜು ಇಬ್ಬರ ಎದುರಿಗೇ ಆ ಮೀನನ್ನು ಮುಳ್ಳು ಬಿಟ್ಟು ಪೂರ್ತಿ ತಿಂದಳು, ತಲೆಯನ್ನೂ ಚೀಪಿದಳು. ಬೆಳಗಿನವರೆಗೂ ಅವಳ ಮೈಮೇಲೆ ಒಂದು ಗಂಧೆಯೂ ಏಳಲಿಲ್ಲ.