ಆಂಟಿಯ ಸೋಪಿನ ನೀರು

ಬಟವಾಡಿ ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಯಾವುದನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಮನೆಯಲ್ಲಿ ಚಿಗಟ ಹೆಚ್ಚಿದಾಗ ಮಾತ್ರ, ‘ನಿನ್ ನಾಯಿದೇ ಕಣೋ, ಎಲ್ಲಾದ್ರೂ ಬಿಟ್ಬಾ’ ಎಂದು ಹಟ ಹಿಡಿದರು. ಮೊದಲು ಚಿಗಟ ಹಿಡಿಯೋಣ ಎಂದೆ.

ಆಂಟಿ ತಮ್ಮ ಕೋಣೆಯಲ್ಲಿ ದೀಪದ ಕೆಳಗೆ ಸೋಪಿನ ನೀರಿನ ತಟ್ಟೆ ಇಟ್ಟರು. ನಾನು ನಾಯಿ ಮಲಗುವಲ್ಲಿ ಅಂಗಡಿಯ ಅಂಟುಹಾಳೆ ಇಟ್ಟೆ. ಬೆಳಿಗ್ಗೆ ತಟ್ಟೆಯಲ್ಲಿ ಹದಿನಾಲ್ಕು ಚಿಗಟ, ಹಾಳೆಯಲ್ಲಿ ಎರಡು.

‘ನೀವೇ ಗೆದ್ರಿ ಆಂಟಿ.’

‘ಸುಮ್ನಿರೋ. ಜಾಗ ಬದ್ಲಾಯಿಸಿ ನೋಡ್ದೆ ಎಂಥ ಗೆಲ್ಲೋದು?’

ಬದಲಾಯಿಸಿದೆವು. ಮರುದಿನ ಅವರ ಕೋಣೆಯ ಹಾಳೆಯಲ್ಲಿ ಹದಿನೈದು, ನಾಯಿಯ ಬಳಿಯ ತಟ್ಟೆಯಲ್ಲಿ ಒಂದು. ಆಂಟಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಣಿಸಿದರು. ಆಮೇಲೆ ತಮ್ಮ ಹಾಸಿಗೆಯನ್ನು ತಾವೇ ಮಹಡಿಗೆ ಹೊತ್ತು ಬಿಸಿಲಿಗೆ ಹಾಕಿದರು. ಇಳಿದು ಬಂದವರೇ ನನ್ನ ನಾಯಿಯ ಮುಂದೆ ಹಾಲಿನ ಬಟ್ಟಲಿಟ್ಟರು.