ಸಾಹೇಬ ಸಾಯಬಣ್ಣನಾದದ್ದು

ನನ್ನ ಮಗಳು ಬೆಕ್ಕಿನ ಕಣ್ಣಿನವಳು. ತೊಟ್ಟಿಲಿಗೆ ಹಾಕುವ ದಿನ ಬಸವಕಲ್ಯಾಣದಿಂದ ಹುಮನಾಬಾದಿನ ನನ್ನ ತವರುಮನೆಗೆ ಬಂದ ಅತ್ತೆ, ಈ ಕಣ್ಣು ಯಾರ ಕಡೆಯದೆಂದು ನಮ್ಮ ಮನೆತನವನ್ನೆಲ್ಲ ಜಾಲಾಡಿದರು. ಅವರು ಬಸ್ಸು ಹತ್ತಿದ ಮೇಲೆ ಅವ್ವ ಬಾಯಿಬಿಟ್ಟಳು. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದ ನಮ್ಮಜ್ಜಿ, ಒಬ್ಬ ಇಂಗ್ಲಿಷ್ ಮನುಷ್ಯನ ಮಗಳಂತೆ. ದೊಡ್ಡ ಅಧಿಕಾರಿಯೇನಲ್ಲ, ಸಡಕಿಗೆ ಖಡಿಕಲ್ಲು ಹಾಕಿಸುವ ಮೇಸ್ತ್ರಿ. ಅವನಿಗೆ ಅಡಿಗೆ ಮಾಡಿ ಹಾಕುತ್ತಿದ್ದವಳು ಆಯಿಯ ತಾಯಿ. ಆಯಿ ಸಣ್ಣವಳಿದ್ದಾಗಲೇ ಊರಿಗೆ ಹೋಗಿಬರುತ್ತೇನೆಂದು ಟಾಂಗಾ ಹತ್ತಿದವನು ತಿರುಗಿ ಬರಲಿಲ್ಲ.

ನಮ್ಮ ವಂಶಾವಳಿ ಇಟ್ಟುಕೊಂಡವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ಕೂತು, ಯಾರ ಮಗ ಯಾರು, ಸೊಸೆ ಯಾರ ಮಗಳು ಎಂದು ಓದಿ ಹೇಳುತ್ತಾರೆ. ಬೀಗರಾಗುವವರು ಅದನ್ನು ಕೇಳಿಯೇ ಹೂಂ ಅನ್ನುವುದು. ಆಯಿಯ ಪಾಳಿ ಬಂದಾಗ ‘ಗೋರೆ ಸಾಹೇಬನ ಮಗಳು’, ಬಿಳಿಯನ ಮಗಳೆಂದೇ ಓದುತ್ತಿದ್ದರಂತೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ನಾಲ್ಕೈದು ವರ್ಷಕ್ಕೆ ನನ್ನ ಲಗ್ನದ ಮಾತು ನಡೆದಾಗ, ಅಪ್ಪ ಹೆಳವನ ಕೈಕಾಲು ಹಿಡಿದು ಅದನ್ನು ‘ಸಾಯಬಣ್ಣನ ಮಗಳು’ ಮಾಡಿಸಿದ. ನಮ್ಮಲ್ಲಿ ಓಣಿಗೊಬ್ಬ ಸಾಯಬಣ್ಣ, ಯಾರಿಗೆ ಸಂಶಯ ಬರಬೇಕು? ಆಯಿಯ ತಂದೆಯನ್ನು ಅಳಿಸಿ ನನ್ನ ಸಂಸಾರ ಕಟ್ಟಿದ್ದಾರೆಂದು ನನಗೆ ತಿಳಿದದ್ದು ಅವತ್ತೇ.

ಮಗಳು ಮದುವೆಗೆ ಬಂದಳು. ಅವಳನ್ನು ಕೇಳಿ ಬಂದ ಹಳ್ಳಿಖೇಡದವರು ನನ್ನ ತವರಿನ ವಂಶಾವಳಿಯನ್ನೂ ಕೇಳಬೇಕೆಂದರು. ಆಗ ಆಯಿ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು.

“ಸಾಯೋದ್ರೊಳಗ ನಮ್ಮಪ್ಪನ ಹೆಸರು ನಾಕು ಮಂದಿ ಮುಂದ ಒಮ್ಮೆರೆ ಕೇಳ್ಬೇಕವ್ವ.”

ಓದಿಸಿಯೇ ಬಿಡುತ್ತೇನೆ, ಬೇಡಾದವರು ಎದ್ದು ಹೋಗಲಿ ಎಂದು ನಾನು ಜಂಬ ಕೊಚ್ಚಿಕೊಂಡೆ. ನನ್ನ ಬಾಯಿ ಮೊದಲಿಂದಲೂ ದೊಡ್ಡದು.

ಓದಿಸುವ ದಿನ ಹೆಳವ ಬೆಳಿಗ್ಗೆಯೇ ನನ್ನ ತವರಿಗೆ ಬಂದ. ಅವನ ತಂದೆಯ ಕಾಲದ, ತಿದ್ದದೆ ಉಳಿದ ಹೊತ್ತಿಗೆಯನ್ನು ಹಟ ಹಿಡಿದು ಬಿಚ್ಚಿಸಿದೆ. ಗೊಣಗುತ್ತಲೇ ಹಾಳೆ ತಿರುವಿದ. ಸಾಹೇಬನ ಪೂರ್ತಿ ಹೆಸರೇ ಅಲ್ಲಿತ್ತು. ಆಯಿ ಅದನ್ನು ಎರಡು ಮೂರು ಸಲ ಅನ್ನಲು ನೋಡಿದಳು, ನಾಲಿಗೆ ಹೊರಳಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಅಷ್ಟು ಖುಷಿಯಾಗಿದ್ದನ್ನು ನಾನು ಕಂಡಿರಲಿಲ್ಲ.

ಹಳ್ಳಿಖೇಡದವರು ಬಂದು ಜಮಖಾನೆಯ ಮೇಲೆ ಕೂತರು. ಒಳಬಾಗಿಲ ಮರೆಯಲ್ಲಿ ಮಗಳು ನಿಂತಿದ್ದಳು. ಹೆಳವ ಓದುತ್ತ ಓದುತ್ತ ಆಯಿಯ ಹತ್ತಿರ ಬಂದು ತಡೆದ. ನನ್ನ ಮುಖ ನೋಡಿದ. ಓದು ಅನ್ನಬೇಕಾದವಳು ನಾನು. ಬಾಗಿಲ ಮರೆಯಲ್ಲಿದ್ದ ಮಗಳನ್ನು ನೋಡಿ ತಲೆ ತಗ್ಗಿಸಿದೆ. ಆಯಿ ನನ್ನನ್ನೇ ನೋಡುತ್ತಿದ್ದಳು.

“ಯಾಕ ನಿಂತೆಪ್ಪಾ? ನಾ ಸಾಯಬಣ್ಣನ ಮಗಳು. ಮುಂದ ಓದು,” ಅಂದಳು ಆಯಿ, ಎಲ್ಲರಿಗೂ ಕೇಳುವ ಹಾಗೆ.

ಬೀಗರು ತಲೆಯಾಡಿಸಿದರು. ನನಗೆ ಹೋದ ಜೀವ ಬಂದಂತಾಯಿತು. ಹಾಗೆ ಅನ್ನಿಸಿತಲ್ಲ, ಅದನ್ನು ಇಂದಿಗೂ ಯಾರ ಮುಂದೆಯೂ ಹೇಳಲಾರೆ.