ಗೋಡೆಯ ಮೇಲೆ ನನ್ನ ಮುಖ

ನನ್ನ ಮೊದಲ ಕಾದಂಬರಿ ಅಚ್ಚಿಗೆ ಹೋಗಿತ್ತು. ಪ್ರಕಾಶಕರು ಫೇಸ್‌ಬುಕ್ಕಿನಲ್ಲಿ ಮುಖಪುಟ ಹಾಕಿ ಸುಮ್ಮನಾದರು. ನಾನು ಸುಮ್ಮನಿರಲಿಲ್ಲ. ನನ್ನ ಫೋಟೊ ಇರುವ ಪೋಸ್ಟರು ಮಾಡಿಸಿ, ಮೈದಾ ಅಂಟು ಕಾಯಿಸಿಕೊಂಡು, ಪಾಂಡವಪುರದ ಬಸ್‌ಸ್ಟ್ಯಾಂಡಿನಿಂದ ನಮ್ಮ ಮರಗೆಲಸದ ಅಂಗಡಿಯವರೆಗೆ ಅಂಟಿಸುತ್ತಾ ಬಂದೆ.

ಅಂಗಡಿ ಅಪ್ಪ ಮತ್ತು ದೊಡ್ಡಪ್ಪನದು. ಮಧ್ಯಾಹ್ನ ಊಟ ಕೊಡಲು ಹೋದರೆ, ದೊಡ್ಡಪ್ಪ ಬಾಗಿಲ ಮೇಲಿದ್ದ ನನ್ನ ಪೋಸ್ಟರನ್ನು ಉಳಿಯಿಂದ ಕೆರೆಯುತ್ತಿದ್ದರು.

“ಮದ್ವೆ ಆಗ್ಬೇಕಾದ ಹೆಣ್ಣು ಇಂಗೆ ಗೋಡೆ ಮ್ಯಾಲೆ ನಿಂತ್ಕಂಡ್ರೆ, ಸಂಬಂಧ ಕೇಳ್ಕಂಡು ಯಾರವ್ವ ಬತ್ತಾರೆ?”

“ನೀವು ಪಂಚಾಯ್ತಿ ಎಲೆಕ್ಷನ್ನಿಗೆ ನಿಂತಾಗ ನಿಮ್ ಮುಖಾನೂ ಇದೇ ಬಾಗ್ಲಲ್ಲಿತ್ತು ದೊಡ್ಡಪ್ಪ. ಸೋತ್ ಮೇಲೂ ಯಾರೂ ಕೆರೀಲಿಲ್ಲ.”

ಒಳಗೆ ಹಲಗೆ ಉಜ್ಜುತ್ತಿದ್ದ ಅಪ್ಪನ ಕೈ ನಿಂತಿತು.

“ಅದೂ ಇದೂ ಒಂದಾ? ನಾನು ಗಂಡ್ಸು ಕಣವ್ವ,” ಎಂದು ದೊಡ್ಡಪ್ಪ ಉಳಿ ಎಸೆದು ಟೀ ಕುಡಿಯಲು ಹೊರಟರು.

“ಅಣ್ಣ ಬರೋದ್ರೊಳ್ಗೆ ಇನ್ನೊಂದು ಅಂಟ್ಸ್‌ಬುಡು,” ಎಂದು ಅಪ್ಪ ಪಿಸುಗುಟ್ಟಿದರು.

ಕದ್ದು ಅಂಟಿಸಲು ನನಗೆ ಮನಸ್ಸಾಗಲಿಲ್ಲ. ಬಾಗಿಲಲ್ಲೇ ಕಾದೆ. ದೊಡ್ಡಪ್ಪ ಬಂದು ಎದುರು ನಿಂತ ಮೇಲೆಯೇ ಅಂಟು ಬಳಿದು, ಹೊಸ ಪೋಸ್ಟರು ಹಚ್ಚಿ, ಅಂಗೈಯಿಂದ ನಿಧಾನಕ್ಕೆ ಒತ್ತಿದೆ.

ಅವರು ಬಿದ್ದಿದ್ದ ಉಳಿ ಎತ್ತಿಕೊಂಡು ಒಳಗೆ ಹೋದರು. ಪುಸ್ತಕ ಬರುವವರೆಗೂ ನನ್ನ ಜೊತೆ ಮಾತು ಬಿಟ್ಟರು. ನಾನು ಮಾರನೆಯ ಬೆಳಿಗ್ಗೆ ಮಿಕ್ಕ ಪೋಸ್ಟರುಗಳನ್ನು ಸುತ್ತಿಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದೆ.